ಬಿಸಿಲಿನತ್ತ ಮಾಗುವ ದ್ರಾಕ್ಷಿ

ಮಾರ್ಚ್ ತಿಂಗಳಲ್ಲಿ ಭೂಮಿಯ ಎರಡು ದೂರದ ಜಾಗಗಳಲ್ಲಿ ಒಂದೇ ತಳಿಯ ದ್ರಾಕ್ಷಿಯ ಕೊಯ್ಲು ನಡೆಯುತ್ತದೆ. ಒಂದು, ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಮಾರ್ಲ್‌ಬರೊ. ಇನ್ನೊಂದು ನಮ್ಮ ದೊಡ್ಡಬಳ್ಳಾಪುರದ ಆಚೆ, ನಂದಿಬೆಟ್ಟದ ಸುತ್ತಿನ ಬಯಲು. ದ್ರಾಕ್ಷಿಯ ಹೆಸರು ಸೊವಿನ್ಯೋ ಬ್ಲಾಂ. ಬಿಳಿ ವೈನ್ ಮಾಡುವ ತಳಿಗಳಲ್ಲಿ ಜಗತ್ತಿನಲ್ಲೆಲ್ಲ ಹೆಸರಾದದ್ದು. ಮಾರ್ಲ್‌ಬರೊದಲ್ಲಿ ಆಗ ಶರತ್ಕಾಲ. ದಿನದಿಂದ ದಿನಕ್ಕೆ ರಾತ್ರಿ ತಣ್ಣಗಾಗುತ್ತ ಹೋಗುತ್ತದೆ. ನಮ್ಮಲ್ಲಿ ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಅಲ್ಲಿಯ ಹಣ್ಣು ಚಳಿಯತ್ತ ಮಾಗುತ್ತದೆ, ನಮ್ಮದು ಬಿಸಿಲಿನತ್ತ ಮಾಗುತ್ತದೆ. ಎರಡೂ ವೈನ್‌ಗಳ ನಡುವಿನ ವ್ಯತ್ಯಾಸದ ಬಹುಪಾಲು ಇಷ್ಟರಲ್ಲೇ ಇದೆ.

ಮೈಸೂರು ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಸಂಜೆ ವಾಕಿಂಗ್ ಮುಗಿಸಿ ಮಾತಿಗೆ ಕೂರುವ ಗೆಳೆಯರಲ್ಲಿ ಕೆಲವರಿಗೆ ವೈನ್ ಬಗ್ಗೆ ಕುತೂಹಲವಿದೆ. ಮಕ್ಕಳು ಆಕ್ಲೆಂಡಿನಿಂದಲೋ ಮೆಲ್ಬರ್ನಿನಿಂದಲೋ ಬರುವಾಗ ಒಂದು ಬಾಟಲಿ ತರುತ್ತಾರೆ. ಅದನ್ನು ಕುಡಿದವರು ನಂದಿಯ ಬಾಟಲಿಯನ್ನು ಪಕ್ಕಕ್ಕಿಟ್ಟು, ‘ಇದರಲ್ಲಿ ಆ ಘಮ ಇಲ್ಲವಲ್ಲ, ನಮ್ಮವರಿಗೆ ಮಾಡಲು ಬರುವುದಿಲ್ಲವೇ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಸಿಗುವುದು ಮಾಡುವವರ ಕೈಚಳಕಕ್ಕಿಂತ ಹೆಚ್ಚಾಗಿ ಬಳ್ಳಿ, ಬಿಸಿಲು ಮತ್ತು ಕತ್ತರಿಯ ಕತೆಯಲ್ಲಿ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕೆನಿಸಿದೆ.

ಮೊದಲು ಈ ತಳಿಯ ಊರು–ಕೇರಿ. ಸೊವಿನ್ಯೋ ಬ್ಲಾಂ ಫ್ರಾನ್ಸಿನ ಪಶ್ಚಿಮ ಭಾಗದ್ದು. ಲ್ವಾರ್ ನದಿಯ ದಂಡೆ ಮತ್ತು ಬೋರ್ಡೊ, ಇವೆರಡೂ ಅದರ ಹಳೆಯ ನೆಲೆಗಳು. ಕೆಂಪು ವೈನಿನ ಲೋಕವನ್ನು ಆಳುವ ಕ್ಯಾಬರ್ನೆ ಸೊವಿನ್ಯೋ ಎಂಬ ಕಪ್ಪು ದ್ರಾಕ್ಷಿ ಇದೆಯಲ್ಲ, ಅದರ ಹೆತ್ತವರಲ್ಲಿ ಒಂದು ಈ ಬಿಳಿ ದ್ರಾಕ್ಷಿಯೇ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾನ್ ಬವರ್ಸ್ ಮತ್ತು ಕ್ಯಾರಲ್ ಮೆರೆಡಿತ್ 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇದನ್ನು ತೋರಿಸಿಕೊಟ್ಟರು. ಇನ್ನೊಂದು ಪೋಷಕ ಕ್ಯಾಬರ್ನೆ ಫ್ರಾಂ. ಯಾವುದೋ ತೋಟದಲ್ಲಿ ತಾನೇ ತಾನಾಗಿ ಆದ ಈ ಬೆರಕೆಯನ್ನು ಅದಕ್ಕೂ ಮುಂಚೆ ಯಾರೂ ಊಹಿಸಿರಲಿಲ್ಲವೆಂದಲ್ಲ, ಖಚಿತಪಡಿಸಿರಲಿಲ್ಲ. ನಂದಿಯ ತಪ್ಪಲಿನಲ್ಲಿ ಇಂದು ತಾಯಿ–ಮಗು ಎರಡೂ ತಳಿಗಳು ಬೆಳೆಯುತ್ತಿವೆ.

ಬಿಳಿ ವೈನ್ ಮಾಡುವ ಕ್ರಮ ತಿಳಿದರೆ ಮುಂದಿನದು ಸುಲಭ. ಕೆಂಪು ವೈನಿನಲ್ಲಿ ಸಿಪ್ಪೆಯ ಸಮೇತ ರಸ ಹುಳಿಯುತ್ತದೆ. ಬಣ್ಣವೂ ಒಗರೂ ಸಿಪ್ಪೆಯಿಂದ ಇಳಿದು ಬರುತ್ತವೆ. ಬಿಳಿ ವೈನಿನಲ್ಲಿ ಹಣ್ಣನ್ನು ಹಿಂಡಿ ಸಿಪ್ಪೆ–ಬೀಜಗಳನ್ನು ಬೇಗನೆ ಬೇರ್ಪಡಿಸಿ, ತಿಳಿಯಾದ ರಸವನ್ನಷ್ಟೇ ಉಕ್ಕಿನ ತೊಟ್ಟಿಯಲ್ಲಿ 12ರಿಂದ 16 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ಎರಡು ಮೂರು ವಾರ ಹುದುಗಿಸುತ್ತಾರೆ. ಹುದುಗು ಜೀವಿ, ಅಂದರೆ ಯೀಸ್ಟ್, ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ತಂಪು ಹೆಚ್ಚಿದಷ್ಟೂ ಕೆಲಸ ನಿಧಾನ, ಪರಿಮಳದ ಉಳಿತಾಯ ಹೆಚ್ಚು. ಎಳೆಯ ಬಿಳಿ ವೈನಿನಲ್ಲಿ ಒಮ್ಮೊಮ್ಮೆ ಬಾಳೆಹಣ್ಣಿನ ಘಮ ಬರುವುದೂ ಈ ತಂಪಿನಿಂದಲೇ. ಆಗ ಯೀಸ್ಟ್ ಹುಟ್ಟಿಸುವ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವೇ ಬಾಳೆಹಣ್ಣಿಗೂ ಅದರ ಮುಖ್ಯ ವಾಸನೆ ಕೊಡುವುದು. ನಂಜನಗೂಡಿನ ರಸಬಾಳೆ ಸುಲಿದು ಬೆಳೆದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಸೊವಿನ್ಯೋದ ಗುರುತು ಬಾಳೆಹಣ್ಣಲ್ಲ. ಅದರ ಪರಿಮಳ ಎರಡು ಗುಂಪಿನ ಅಣುಗಳಿಂದ ಬರುತ್ತದೆ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಡೆಯುತ್ತಿರುವ ಊರು ನಮ್ಮದು. ಕಾಫಿ, ಮೆಣಸು, ಏಲಕ್ಕಿಗಳ ವಾಸನೆಯನ್ನು ಅಣು ಅಣುವಾಗಿ ಬಿಡಿಸಿ ನೋಡುವುದು ಮೈಸೂರಿನವರಿಗೆ ಹೊಸ ಸಂಗತಿಯಲ್ಲ. ಹಾಗಾಗಿ ಸ್ವಲ್ಪ ರಸಾಯನಶಾಸ್ತ್ರ ಇಲ್ಲಿ ಸಲ್ಲುತ್ತದೆ.

ಮೊದಲ ಗುಂಪು ಹಸಿರು ವಾಸನೆಯದು. ದಪ್ಪಮೆಣಸಿನಕಾಯಿಯನ್ನು ಕುಯ್ದ ಕ್ಷಣ ಅಡುಗೆಮನೆಯಲ್ಲಿ ಹರಡುವ ವಾಸನೆ ಇದೆಯಲ್ಲ, ಅದಕ್ಕೆ ಕಾರಣ ಮೆಥಾಕ್ಸಿಪೈರಝೀನ್ ಎಂಬ ಜಾತಿಯ ವಸ್ತು. 1969ರಲ್ಲಿ ವಿಜ್ಞಾನಿಗಳು ಇದನ್ನು ದಪ್ಪಮೆಣಸಿನಕಾಯಿಯಲ್ಲಿ ಗುರುತಿಸಿದರು. ಮುಂದೆ ಸೊವಿನ್ಯೋ ದ್ರಾಕ್ಷಿಯಲ್ಲೂ ಅದೇ ಸಿಕ್ಕಿತು. ಹಸಿ ಬಟಾಣಿ ಸುಲಿಯುವಾಗ ಬೆರಳಿಗೆ ಹತ್ತುವ ವಾಸನೆಯೂ ಇದೇ ಬಳಗದ್ದು. ನಮ್ಮ ಮೂಗು ಇದಕ್ಕೆ ಎಷ್ಟು ಚುರುಕೆಂದರೆ, ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿ ಭಾಗದಲ್ಲಿ ಎರಡು ಭಾಗ ಇದ್ದರೂ ಹಿಡಿದುಬಿಡುತ್ತದೆ. ಕಾಯಿ ಎಳೆಯದಾಗಿದ್ದಾಗ ಇದು ತುಂಬುತ್ತದೆ. ಬಣ್ಣ ತಿರುಗಿ ಮಾಗತೊಡಗಿದ ಮೇಲೆ ಬಿಸಿಲು, ಶಾಖ ಎರಡೂ ಸೇರಿ ಇದನ್ನು ಕರಗಿಸುತ್ತ ಹೋಗುತ್ತವೆ. ತಂಪು ನಾಡಿನ ವೈನಿನಲ್ಲಿ ಗರಿಕೆಯ, ಹಸಿಮೆಣಸಿನ ವಾಸನೆ ಎದ್ದು ಕಾಣುವುದಕ್ಕೂ ಬಿಸಿಲು ನಾಡಿನದರಲ್ಲಿ ಅದು ಅಡಗುವುದಕ್ಕೂ ಇದೇ ಕಾರಣ.

ಎರಡನೆಯ ಗುಂಪು ಗಂಧಕ ಇರುವ ಅಣುಗಳದು, ಥಯಾಲ್‌ಗಳು. ಗಂಧಕವೆಂದರೆ ಕೊಳೆತ ಮೊಟ್ಟೆ ನೆನಪಾಗುವುದು ಸಹಜ. ಆದರೆ ಅತಿ ಸಣ್ಣ ಪ್ರಮಾಣದಲ್ಲಿ ಇವು ಸೀಬೆಹಣ್ಣಿನ, ಪ್ಯಾಶನ್ ಫ್ರೂಟಿನ, ಗ್ರೇಪ್‌ಫ್ರೂಟಿನ ಘಮವಾಗುತ್ತವೆ. ಆ ಹಣ್ಣುಗಳಲ್ಲಿ ಇರುವುದೂ ಇವೇ ಅಣುಗಳು. ಬೋರ್ಡೊದಲ್ಲಿ ಡೆನಿ ದುಬೂರ್ದಿಯು ಮತ್ತು ಜಪಾನಿನಿಂದ ಅಲ್ಲಿಗೆ ಬಂದ ತಕತೋಶಿ ತೊಮಿನಾಗ ಅವರ ಬಳಗ 1990ರ ದಶಕದಲ್ಲಿ ಈ ಗುಟ್ಟನ್ನು ಒಂದೊಂದಾಗಿ ಬಿಡಿಸಿತು. ಅವರು ಕಂಡದ್ದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿ ಇದು: ಹಣ್ಣಿನಲ್ಲಿ ಈ ಥಯಾಲ್‌ಗಳು ಬಿಡಿಯಾಗಿ ಬಹುಮಟ್ಟಿಗೆ ಇರುವುದೇ ಇಲ್ಲ. ವಾಸನೆಯಿಲ್ಲದ ಇನ್ನೊಂದು ವಸ್ತುವಿಗೆ ಕಟ್ಟಿಕೊಂಡು ಸುಮ್ಮನಿರುತ್ತವೆ. ಹುದುಗುವಾಗ ಯೀಸ್ಟ್ ಆ ಕಟ್ಟನ್ನು ಕಡಿದ ಮೇಲೆಯೇ ಘಮ ಹೊರಬರುವುದು. ಸೊವಿನ್ಯೋ ದ್ರಾಕ್ಷಿಯನ್ನು ತೋಟದಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡವರಿಗೆ ಸಿಗುವುದು ಸಿಹಿ–ಹುಳಿ ರಸ. ಸೀಬೆಯ ಘಮ ಸಿಗಬೇಕಾದರೆ ಹುದುಗುವವರೆಗೆ ಕಾಯಬೇಕು.

ಈ ಹಣ್ಣುಗಳೆಲ್ಲ ನಮ್ಮ ಹಿತ್ತಲಿನವೇ ಆಗಿರುವುದು ನಮ್ಮ ಭಾಗ್ಯ. ಪ್ಯಾಶನ್ ಫ್ರೂಟ್ ಕೊಡಗಿನಲ್ಲಿ ಧಾರಾಳ. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ‘ಕಾವೇರಿ’ ಎಂಬ ಮಿಶ್ರತಳಿಯನ್ನೇ ಬಿಡುಗಡೆ ಮಾಡಿದೆ. ಮಡಿಕೇರಿಗೆ ಹೋಗಿಬರುವವರು ಅದರ ಶರಬತ್ತಿನ ಬಾಟಲಿ ತರದೆ ಇರುವುದು ಅಪರೂಪ. ಗ್ರೇಪ್‌ಫ್ರೂಟ್ ನಮ್ಮಲ್ಲಿ ಕಡಿಮೆ, ಆದರೆ ಅದರ ಹೆತ್ತ ಗಿಡಗಳಲ್ಲೊಂದಾದ ಚಕ್ಕೋತ ಇದೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ನಂದಿಯ ದ್ರಾಕ್ಷಿ ತೋಟ ನೋಡಲು ಹೋಗುವವರು ದಾಟಿ ಹೋಗುವ ಊರು ದೇವನಹಳ್ಳಿ. ಯುರೋಪಿನ ವೈನ್ ಪುಸ್ತಕಗಳಲ್ಲಿ ಗೂಸ್‌ಬೆರಿ, ಬಾಕ್ಸ್‌ವುಡ್ ಎಂಬ ಹೋಲಿಕೆಗಳನ್ನು ಓದಿ, ಕಂಡೇ ಇರದ ಗಿಡಗಳನ್ನು ಲೋಟದೊಳಗೆ ಹುಡುಕುವುದಕ್ಕಿಂತ, ಒಂದು ಹೋಳು ಚಕ್ಕೋತ, ಅರ್ಧ ಸೀಬೆಹಣ್ಣು, ಒಂದು ತುಂಡು ದಪ್ಪಮೆಣಸಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಮೂಸುವುದು ಒಳ್ಳೆಯ ಪಾಠ. ನಮ್ಮ ಗೆಳೆಯರ ಕೂಟದಲ್ಲಿ ಹೀಗೆ ಮಾಡಿದಾಗ, ವೈನ್ ಮುಟ್ಟದವರೂ ಬಂದು ಲೋಟ ಮೂಸಿ, ಯಾವುದರಲ್ಲಿ ಯಾವ ಹಣ್ಣಿದೆಯೆಂದು ಸರಿಯಾಗಿ ಹೇಳಿದರು.

ಇನ್ನು ನಾಡುಗಳ ಮಾತು. ಲ್ವಾರ್ ನದಿಯ ಎಡದಂಡೆಯ ಸಾನ್ಸೇರ್, ಎದುರು ದಂಡೆಯ ಪುಯಿ, ಇವು ಸೊವಿನ್ಯೋದ ಹಳೆಯ ಗುರುಕುಲಗಳು. ಸುಣ್ಣಕಲ್ಲಿನ ನೆಲ, ನಡುವೆ ಚಕಮಕಿ ಕಲ್ಲು. ಅಕ್ಷಾಂಶ 47 ಡಿಗ್ರಿ ಉತ್ತರ. ಅಲ್ಲಿಯ ವೈನ್ ಕೂಗುವುದಿಲ್ಲ. ಹುಳಿ ತೀಕ್ಷ್ಣ, ನಿಂಬೆಯ ಸಿಪ್ಪೆಯ ವಾಸನೆ, ಮಳೆಬಿದ್ದ ಕಲ್ಲಿನಂಥ ಏನೋ ಒಂದು ಛಾಯೆ. ಅಲ್ಲಿಯ ಶಾವಿನ್ಯೋಲ್ ಹಳ್ಳಿಯ ಮೇಕೆ ಹಾಲಿನ ಗಿಣ್ಣದ ಜೊತೆ ಅದನ್ನು ಕುಡಿಯುವ ರೂಢಿ. ಬೋರ್ಡೊದವರ ದಾರಿ ಬೇರೆ. ಅವರು ಸೆಮಿಯೋಂ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯೊಡನೆ ಬೆರೆಸಿ, ಕೆಲವೊಮ್ಮೆ ಓಕ್ ಮರದ ಪೀಪಾಯಿಯಲ್ಲಿಟ್ಟು ವೈನಿಗೆ ಮೈ ತುಂಬಿಸುತ್ತಾರೆ. ಇಂಥವು ವರ್ಷಗಟ್ಟಲೆ ಬಾಳುತ್ತವೆ. ಅದೇ ಸೀಮೆಯ ಸೋತೆರ್ನ್‌ನಲ್ಲಿ ಮಂಜು ಮುಸುಕಿದ ಮುಂಜಾನೆಗಳಲ್ಲಿ ಒಂದು ಬಗೆಯ ಬೂಷ್ಟು ಹಣ್ಣಿನ ಮೇಲೆ ಕೂತು ನೀರನ್ನು ಹೀರಿ, ಸಕ್ಕರೆಯನ್ನು ಸಾಂದ್ರವಾಗಿಸಿ, ಜೇನಿನ ಬಣ್ಣದ ಸಿಹಿ ವೈನಿಗೆ ದಾರಿ ಮಾಡುತ್ತದೆ. ಅದರಲ್ಲಿ ಸೆಮಿಯೋಂನದೇ ದೊಡ್ಡ ಪಾಲಾದರೂ ಹುಳಿಯ ಬೆನ್ನೆಲುಬು ಸೊವಿನ್ಯೋದ್ದು. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಮೊಂಡಾವಿ 1960ರ ದಶಕದಲ್ಲಿ ಫ್ಯೂಮೆ ಬ್ಲಾಂ ಎಂಬ ಹೆಸರಿಟ್ಟು ಓಕ್ ಸೋಕಿದ ಸೊವಿನ್ಯೋವನ್ನು ಜನಪ್ರಿಯಗೊಳಿಸಿದರು. ಚಿಲಿ, ದಕ್ಷಿಣ ಆಫ್ರಿಕಾಗಳಲ್ಲೂ ಕಡಲಗಾಳಿ ತಾಗುವ ಕಣಿವೆಗಳಲ್ಲಿ ಒಳ್ಳೆಯ ಬೆಳೆ ಇದೆ.

ಆದರೆ ಈ ದ್ರಾಕ್ಷಿಯ ಹಣೆಬರಹ ಬದಲಿಸಿದ್ದು ಮಾರ್ಲ್‌ಬರೊ. ಅಲ್ಲಿ ಕುರಿ ಮೇಯುತ್ತಿದ್ದ ಬಯಲಿನಲ್ಲಿ ಮೊಂಟಾನಾ ಕಂಪನಿ 1973ರಲ್ಲಿ ದ್ರಾಕ್ಷಿ ನೆಟ್ಟಿತು. ಸೊವಿನ್ಯೋ ನೆಟ್ಟದ್ದು ಅದಾದ ಎರಡು ವರ್ಷಕ್ಕೆ. ಮೊದಲ ವೈನ್ 1979ರದು. 1985ರಲ್ಲಿ ಕ್ಲೌಡಿ ಬೇ ಎಂಬ ವೈನ್ ಕಂಪನಿ ಬಂದಮೇಲೆ ಜಗತ್ತು ತಿರುಗಿ ನೋಡಿತು. ಇಂದು ನ್ಯೂಜಿಲೆಂಡ್ ರಫ್ತು ಮಾಡುವ ವೈನಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಸೊವಿನ್ಯೋವೇ. ಪ್ಯಾಶನ್ ಫ್ರೂಟ್ ಮತ್ತು ದಪ್ಪಮೆಣಸಿನಕಾಯಿ ಎರಡೂ ಒಟ್ಟಿಗೆ ಮೂಗಿಗೆ ಅಪ್ಪಳಿಸುವ ವೈನ್ ಅದು. ಪ್ರಬಲ ಬಿಸಿಲು, ತಣ್ಣನೆ ರಾತ್ರಿ, ಮಾಗಲು ಉದ್ದನೆಯ ಕಾಲ, ಇವು ಅದಕ್ಕೆ ಕಾರಣ. ಜೊತೆಗೆ ಯಂತ್ರವೂ ಒಂದು ಕಾರಣ. ಅಲ್ಲಿ ಬಹುಪಾಲು ಹಣ್ಣನ್ನು ಯಂತ್ರವೇ ಉದುರಿಸುತ್ತದೆ. ಆ ಹೊಡೆತಕ್ಕೆ ಸಿಪ್ಪೆ ಒಡೆದು ರಸ ಸೋರಿ, ಥಯಾಲ್‌ಗಳಾಗಬೇಕಾದ ಮೂಲವಸ್ತು ರಸದಲ್ಲಿ ಹೆಚ್ಚುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳು ಗೊಂಚಲು ಗೊಂಚಲಾಗಿ ಕತ್ತರಿಸಿ, ಹಣ್ಣು ನಲುಗದಂತೆ ಕ್ರೇಟಿನಲ್ಲಿ ಜೋಡಿಸುತ್ತಾರೆ. ಜೋಪಾನದಿಂದ ಆ ಒಂದು ಘಮ ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ.

ಈಗ ನಂದಿಗೆ ಬರೋಣ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತ ವೈನ್ ಹುಚ್ಚು ಹಿಡಿಸಿಕೊಂಡವರು. ಶಾಂಪೇನ್ ಸೀಮೆಯ ಬೂಜಿ ಗ್ರಾಮದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ನಮ್ಮ ಹವೆಗೆ ಯಾವ ಫ್ರೆಂಚ್ ತಳಿ ಹೊಂದೀತೆಂದು ವರ್ಷಗಟ್ಟಲೆ ಹುಡುಕಿದರು. ಕೊನೆಗೆ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಎದ್ದಿತು. 1992ರಲ್ಲಿ ಮೊದಲ ವೈನ್ ಬಂತು. ಆಮೇಲೆ ಬೋರ್ಡೊದ ಮಿಶೆಲ್ ರೊಲಾಂ ಸಲಹೆಗಾರರಾದರು. ಕರ್ನಾಟಕದ ಮಣ್ಣಿನಲ್ಲಿ ಫ್ರೆಂಚ್ ತಳಿಯ ಒಣ, ಅಂದರೆ ಸಿಹಿಯಿಲ್ಲದ, ವೈನ್ ಆದೀತೆಂದು ತೋರಿಸಿಕೊಟ್ಟ ತೋಟವಿದು. ಅದಕ್ಕೆ ಮುಂಚೆಯೂ ಆ ಸೀಮೆ ದ್ರಾಕ್ಷಿಗೆ ಹೊಸದಾಗಿರಲಿಲ್ಲ. ಬೆಂಗಳೂರು ಬ್ಲೂ ಅಲ್ಲಿಯ ಹಳೆಯ ಬೆಳೆ, ಭೌಗೋಳಿಕ ಸೂಚಿ ಪಡೆದ ತಳಿ. ಗಾಢ ಪರಿಮಳದ ಆ ದ್ರಾಕ್ಷಿ ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಒದಗಿತು. ನಮ್ಮ ತಲೆಮಾರು ವೈನೆಂದರೆ ಸಿಹಿ ಎಂದು ನಂಬಿಕೊಂಡದ್ದು ಅದರಿಂದಲೇ. ಒಣ ಬಿಳಿ ವೈನನ್ನು ಮೊದಲ ಸಲ ಬಾಯಿಗಿಟ್ಟವರು ಮುಖ ಸಿಂಡರಿಸುವುದಕ್ಕೆ ಆ ಅಭ್ಯಾಸದ ಪಾಲು ದೊಡ್ಡದು.

ಯುರೋಪಿನ ಬಳ್ಳಿಗೆ ನಂದಿಯಲ್ಲಿ ಎದುರಾದ ಮೊದಲ ಸಮಸ್ಯೆ ನಿದ್ದೆಯದು. ಅಲ್ಲಿ ಚಳಿಗಾಲ ಬಂದರೆ ಎಲೆಯುದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ವರ್ಷಕ್ಕೊಂದು ಬೆಳೆ. 13 ಡಿಗ್ರಿ ಅಕ್ಷಾಂಶದಲ್ಲಿ ಅಂಥ ಚಳಿಯೆಲ್ಲಿ? ಬಳ್ಳಿ ವರ್ಷವಿಡೀ ಹಸಿರಾಗಿ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ಋತುವನ್ನು ಹೇಳಿಕೊಡುವುದು ರೈತನ ಕತ್ತರಿ. ವಿಜಯಪುರದ ಕಡೆ ಚಾಟ್ನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಚಾಟ್ನಿ. ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮೊದಲನೆಯದು. ಅದರಿಂದ ಹೊಸ ಕಡ್ಡಿಗಳು ಬಂದು, ಮುಂದಿನ ಫಸಲಿನ ಗೊಂಚಲು ಅವುಗಳ ಮೊಗ್ಗಿನೊಳಗೆ ಕಣ್ಣಿಗೆ ಕಾಣದಂತೆ ರೂಪುಗೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಎರಡನೆಯ ಚಾಟ್ನಿ. ಆಗ ಮೊಗ್ಗು ಒಡೆದು ಹೂ ಬಂದು ಕಾಯಿ ಕಟ್ಟುತ್ತದೆ. ಮೊಗ್ಗುಗಳು ಒಂದೇ ಸಮ ಒಡೆಯಲೆಂದು ಔಷಧಿ ಸವರುವುದೂ ಉಂಟು. ಆ ಹೊತ್ತಿಗೆ ಮಳೆ ಹಿಡಿದುಕೊಂಡರೆ ಬೂಜು ರೋಗ ಎಳೆಯ ಚಿಗುರನ್ನೇ ಕಬಳಿಸುತ್ತದೆ. ಹಿಂಗಾರು ಮಳೆಯ ದಿನಗಳಲ್ಲಿ ದ್ರಾಕ್ಷಿ ರೈತರ ಮನೆಗಳಲ್ಲಿ ನೆಮ್ಮದಿಯ ನಿದ್ದೆ ಇರುವುದಿಲ್ಲ.

ಹೀಗೆ ಕತ್ತರಿಯ ಲೆಕ್ಕದಲ್ಲಿ ಕಾಯಿ ಡಿಸೆಂಬರ್–ಜನವರಿಯ ತಂಪಿನಲ್ಲಿ ಬೆಳೆಯುತ್ತದೆ. ಇದು ನಂದಿಯ ಅನುಕೂಲ. ಆ ಬಯಲೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಮೈಸೂರಿಗಿಂತಲೂ ಎತ್ತರ. ಆದರೆ ಮಾಗುವ ಕೊನೆಯ ವಾರಗಳು ಬಂದು ಬೀಳುವುದು ಫೆಬ್ರುವರಿ–ಮಾರ್ಚ್‌ಗೆ. ಸಾನ್ಸೇರ್‌ನಲ್ಲಿ ಸೆಪ್ಟೆಂಬರ್ ಬಂದರೆ ರೈತ ಇನ್ನೊಂದು ವಾರ ಕಾಯೋಣವೆಂದು ಕೂರಬಹುದು. ತಂಪೇರುವ ಹವೆ ಅವನ ಹುಳಿಯನ್ನು ಕಾಪಾಡುತ್ತದೆ. ನಂದಿಯಲ್ಲಿ ಕಾದಷ್ಟೂ ನಷ್ಟ. ದಿನ ಹೋದಂತೆ ಬಿಸಿಲು ಬಲಿಯುತ್ತದೆ, ಸಕ್ಕರೆ ಓಡಿ ಏರುತ್ತದೆ, ಹುಳಿ ಕುಸಿಯುತ್ತದೆ.

ದ್ರಾಕ್ಷಿಯಲ್ಲಿ ಎರಡು ಹುಳಿಗಳಿವೆ. ಒಂದು ಮ್ಯಾಲಿಕ್ ಆಮ್ಲ, ಹಸಿರು ಸೇಬಿನ ಹುಳಿ. ಇನ್ನೊಂದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಯಲ್ಲಿರುವ ಹುಳಿಯೇ ಅದು. ರಾತ್ರಿ ಬೆಚ್ಚಗಿದ್ದರೆ ಕಾಯಿ ಉಸಿರಾಡುತ್ತ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡಿಬಿಡುತ್ತದೆ. ಟಾರ್ಟಾರಿಕ್ ಬಹುಮಟ್ಟಿಗೆ ಉಳಿಯುತ್ತದೆ. ಹಾಗಾಗಿ ಬಿಸಿ ನಾಡಿನ ವೈನಿನಲ್ಲಿ ಸೇಬಿನ ಹುಳಿಯ ಚುರುಕು ಕಡಿಮೆ. ಬಿಳಿ ವೈನಿಗೆ ಹುಳಿಯೇ ಪ್ರಾಣ. ಅದಿಲ್ಲದಿದ್ದರೆ ಎಂಥ ಘಮವಿದ್ದರೂ ಬಾಯಲ್ಲಿ ಚಪ್ಪೆ. ಇದನ್ನು ತಡೆಯಲು ನಮ್ಮ ತೋಟಗಾರರು ಮಾಡುವುದೆಲ್ಲ ಬಿಸಿಲಿನೊಡನೆ ಹೋರಾಟವೇ. ಫ್ರಾನ್ಸಿನಲ್ಲಿ ಗೊಂಚಲಿಗೆ ಬಿಸಿಲು ತಾಗಲೆಂದು ಎಲೆ ಕೀಳುತ್ತಾರೆ. ಇಲ್ಲಿ ನೆರಳಿರಲೆಂದು ಎಲೆ ಉಳಿಸುತ್ತಾರೆ. ಸಕ್ಕರೆ ಪೂರ್ತಿ ಏರುವ ಮೊದಲೇ ಕೊಯ್ಯುತ್ತಾರೆ. ನಸುಕಿಗೆ ಮುಂಚೆ ಕೊಯ್ಲು ಶುರು ಮಾಡಿ, ಬಿಸಿಲೇರುವ ಹೊತ್ತಿಗೆ ಹಣ್ಣನ್ನು ತಂಪು ಕೋಣೆ ಸೇರಿಸುತ್ತಾರೆ. ಆದರೂ ಕಡಿಮೆ ಬಿದ್ದರೆ ರಸಕ್ಕೆ ಟಾರ್ಟಾರಿಕ್ ಆಮ್ಲ ಸೇರಿಸುವುದು ಬಿಸಿ ನಾಡುಗಳಲ್ಲೆಲ್ಲ ಒಪ್ಪಿತ ಕ್ರಮ. ಅದರಲ್ಲಿ ಕಳ್ಳತನವೇನೂ ಇಲ್ಲ.

ಇಷ್ಟಾದ ಮೇಲೆ ಲೋಟಕ್ಕೆ ಬರುವುದು ಏನು? ದಪ್ಪಮೆಣಸಿನಕಾಯಿಯ ಹಸಿರು ಅಲ್ಪ, ಪ್ಯಾಶನ್ ಫ್ರೂಟಿನ ಅಬ್ಬರ ಕಡಿಮೆ. ಬದಲಿಗೆ ಮಾಗಿದ ಸೀಬೆ, ನಿಂಬೆ, ಕರಬೂಜ, ಒಮ್ಮೊಮ್ಮೆ ಕೊಯ್ದ ಹುಲ್ಲಿನ ತೆಳು ಎಳೆ. ಬಾಯಲ್ಲಿ ಸ್ವಲ್ಪ ದುಂಡಗೆ, ಬಾಲದಲ್ಲಿ ಚಕ್ಕೋತದ ತೊಗಟೆಯ ಕಹಿ. ಒಳ್ಳೆಯ ವರ್ಷದ ಒಳ್ಳೆಯ ಬಾಟಲಿಯಲ್ಲಿ ಇವೆಲ್ಲ ಹದವಾಗಿ ಕೂಡಿರುತ್ತವೆ. ಇದನ್ನು ಮಾರ್ಲ್‌ಬರೊದ ಬಡ ನೆಂಟನೆಂದು ನೋಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಲಿನತ್ತ ಮಾಗಿದ ಹಣ್ಣಿಗೆ ಅದರದೇ ರುಚಿಯಿದೆ. ನಮ್ಮ ವೈನ್ ತಯಾರಕರು ನ್ಯೂಜಿಲೆಂಡಿನ ಘಮವನ್ನು ಅನುಕರಿಸಲು ಹೊರಟಾಗ ಬಲಿಯದ ಕಾಯಿ ಕಿತ್ತು ಹಸಿಹಸಿ ಮಾಡಿಕೊಂಡದ್ದನ್ನು ಕಂಡಿದ್ದೇನೆ. ಸಿಹಿ ಬಯಸುವ ಮಾರುಕಟ್ಟೆಗೆ ಹೆದರಿ ಸಕ್ಕರೆ ಉಳಿಸಿ ಮಂಕಾಗಿಸಿಕೊಂಡದ್ದನ್ನೂ ಕಂಡಿದ್ದೇನೆ. ಎರಡೂ ಬೇಡದ ದಾರಿಗಳು.

ನಂದಿಯೊಂದೇ ಅಲ್ಲ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಬಳಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಸ್ಮಾ ತೋಟವಿದೆ. ವೈನ್ ಲೋಕ ಆ ಸೀಮೆಯನ್ನು ಹಂಪಿ ಹಿಲ್ಸ್ ಎಂದು ಗುರುತಿಸುತ್ತದೆ. ಬಂಡೆ, ಕೆಂಪು ಮಣ್ಣು, ಕಡಿಮೆ ಮಳೆ. ನಂದಿಗಿಂತ ಬಿಸಿಲು ಹೆಚ್ಚಾದ ಅಲ್ಲಿಯೂ ಒಣ ಸೊವಿನ್ಯೋ ಆಗುತ್ತದೆ ಎಂಬುದು ಇಳುವರಿ ಕಡಿಮೆ ಇಟ್ಟು ಬಳ್ಳಿಯನ್ನು ಸಾಕಿದ ಫಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕೃಷ್ಣಾ ಸೀಮೆಯಲ್ಲಿ ದ್ರಾಕ್ಷಿ ಅಪಾರ, ಆದರೆ ಅದರಲ್ಲಿ ಹೆಚ್ಚಿನದು ತಿನ್ನುವುದಕ್ಕೆ, ಒಣದ್ರಾಕ್ಷಿಗೆ. ನಾಸಿಕದಲ್ಲಿ ರಾಜೀವ್ ಸಾಮಂತ್ ಅವರ ಸುಲಾ 1990ರ ದಶಕದ ಕೊನೆಯಲ್ಲಿ ಸೊವಿನ್ಯೋ ಮತ್ತು ಶೆನಾಂ ಬ್ಲಾಂ ನೆಟ್ಟು 2000ದಲ್ಲಿ ವೈನ್ ತಂದಿತು. ಇಂದು ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಅವರದೇ. ಮೈಸೂರಿನವರಿಗೆ ಹತ್ತಿರವೆಂದರೆ ಚನ್ನಪಟ್ಟಣ. ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದ್ದ ಹೆರಿಟೇಜ್ ವೈನರಿಯನ್ನು ಸುಲಾ ಕೊಂಡು ನಡೆಸುತ್ತಿದೆ. ಗೊಂಬೆಗಳ ಊರಿನಲ್ಲಿ ವೈನ್ ಹೇಗಾಗುತ್ತದೆಂದು ನೋಡಿಬರಬಹುದು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ತೋಟಗಾರಿಕೆಯ ಆಸರೆಯಲ್ಲಿ ದ್ರಾಕ್ಷಾರಸ ಮಂಡಳಿಯನ್ನೂ ಕಟ್ಟಿತು. ರೈತನಿಗೆ ಇದರಿಂದ ಬಾಗಿಲು ತೆರೆಯಿತೆಂಬುದು ನಿಜ. ಆದರೆ ಲೆಕ್ಕ ಸುಲಭದ್ದಲ್ಲ. ತಿನ್ನುವ ದ್ರಾಕ್ಷಿ ಎಕರೆಗೆ 10 ಟನ್ ದಾಟುವುದುಂಟು. ಒಳ್ಳೆಯ ವೈನ್ ಬೇಕಾದರೆ 3ರಿಂದ 5 ಟನ್‌ಗೆ ತಡೆಯಬೇಕು. ವೈನ್ ದ್ರಾಕ್ಷಿಯನ್ನು ಸಂತೆಯಲ್ಲಿ ಮಾರಲಾಗದು: ಸಣ್ಣ ಕಾಯಿ, ತುಂಬ ಬೀಜ, ಯಾರೂ ಕೊಳ್ಳುವುದಿಲ್ಲ. ಕಂಪನಿ ಕೈಬಿಟ್ಟರೆ ರೈತನಿಗೆ ಬೇರೆ ದಾರಿಯಿಲ್ಲ. ಸುಮಾರು 2009–10ರ ಹೊತ್ತಿಗೆ ಮಹಾರಾಷ್ಟ್ರದಲ್ಲಿ ವೈನ್ ದಾಸ್ತಾನು ಮಿಕ್ಕಿ, ಎಷ್ಟೋ ರೈತರು ಬಳ್ಳಿ ಕಿತ್ತು ಹಾಕಿದರು. ಬಾಟಲಿಯ ಬೆಲೆ ಕೇಳಿ ಹುಬ್ಬೇರಿಸುವ ನಾವು ಈ ಲೆಕ್ಕವನ್ನೂ ತಿಳಿದಿರಬೇಕು. ವಿದೇಶಿ ವೈನ್ ಮೇಲೆ ಭಾರತ ಬಹುಕಾಲ ಶೇ 150ರಷ್ಟು ಸುಂಕ ವಿಧಿಸುತ್ತ ಬಂದದ್ದರಿಂದ ನಮ್ಮ ತೋಟಗಳಿಗೆ ಒಂದು ಮರೆ ಸಿಕ್ಕಿತ್ತು. ವ್ಯಾಪಾರ ಒಪ್ಪಂದಗಳು ಬಂದಂತೆ ಅದು ಸಡಿಲಗೊಳ್ಳುತ್ತಿದೆ. ಆಸ್ಟ್ರೇಲಿಯದ ಜೊತೆಗಿನ 2022ರ ಒಪ್ಪಂದದಲ್ಲೇ ಇದು ಶುರುವಾಯಿತು. ಮುಂದೆ ಅನುಕರಣೆಯ ವೈನಿಗೆ ಉಳಿಗಾಲ ಕಷ್ಟ.

ಕೊನೆಯದಾಗಿ, ತೋಟದಲ್ಲಿ ಇಷ್ಟು ಕಷ್ಟಪಟ್ಟು ಉಳಿಸಿದ ಘಮವನ್ನು ನಾವು ಕಳೆದುಕೊಳ್ಳುವುದು ಅಂಗಡಿಯ ಕಪಾಟಿನಲ್ಲಿ ಎಂಬುದನ್ನು ಒತ್ತಿ ಹೇಳಬೇಕು. ಪ್ಯಾಶನ್ ಫ್ರೂಟಿನ ಘಮ ಕೊಡುವ ಥಯಾಲ್ ಬಾಟಲಿಯೊಳಗೂ ದಿನೇ ದಿನೇ ಒಡೆಯುತ್ತಿರುತ್ತದೆ. ಶಾಖ ಹೆಚ್ಚಿದಷ್ಟೂ ಬೇಗ. ಏಪ್ರಿಲ್‌ನಲ್ಲಿ ಮೈಸೂರಿನ ಬಿಸಿಲು 35 ಡಿಗ್ರಿ ಮುಟ್ಟುವಾಗ, ಫ್ಯಾನು ಕೂಡ ಇಲ್ಲದ ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಪಕ್ಕ ನಿಂತ ಬಿಳಿ ವೈನ್ ಒಂದೇ ಬೇಸಿಗೆಯಲ್ಲಿ ಮುದಿಯಾಗುತ್ತದೆ. ತೆಳು ಬಣ್ಣದ ಗಾಜಿನಲ್ಲಿದ್ದರೆ ಬೆಳಕೂ ಕೆಡಿಸುತ್ತದೆ. ಎಷ್ಟೋ ಜನ ನಂದಿಯ ವೈನ್ ಚೆನ್ನಾಗಿಲ್ಲವೆಂದು ತೀರ್ಪು ಕೊಟ್ಟದ್ದು ಇಂಥ ಬಾಟಲಿ ಕುಡಿದೇ. ಆದ್ದರಿಂದ ಹಿಂದಿನ ಚೀಟಿಯಲ್ಲಿ ಕೊಯ್ಲಿನ ವರ್ಷವನ್ನೂ ತುಂಬಿದ ತಿಂಗಳನ್ನೂ ನೋಡಿ ಕೊಳ್ಳಬೇಕು. ಓಕ್ ಸೋಕದ ಸೊವಿನ್ಯೋವನ್ನು ವರ್ಷ–ಒಂದೂವರೆ ವರ್ಷದೊಳಗೆ ಕುಡಿದರೆ ಚೆನ್ನ. ಇಟ್ಟು ಬೆಳೆಸುವ ವೈನಲ್ಲ ಇದು. ಬಿರಡೆಯ ಬದಲು ತಿರುಪು ಮುಚ್ಚಳ ಇದ್ದರೆ ಅಗ್ಗದ್ದೆಂದು ತಿಳಿಯಬಾರದು. 2001ರಲ್ಲಿ ನ್ಯೂಜಿಲೆಂಡಿನ ತಯಾರಕರು ಒಟ್ಟಾಗಿ ಅದನ್ನು ಆರಿಸಿಕೊಂಡದ್ದು ಈ ಪರಿಮಳವನ್ನು ಕಾಯಲೆಂದೇ.

ಫ್ರಿಜ್ಜಿನಿಂದ ನೇರ ತೆಗೆದು ಸುರಿದರೆ ನಾಲ್ಕೈದು ಡಿಗ್ರಿಯ ತಂಪಿಗೆ ಘಮವೆಲ್ಲ ಮುದುಡಿರುತ್ತದೆ. ಕಾಲು ಗಂಟೆ ಹೊರಗಿಟ್ಟು 8ರಿಂದ 10 ಡಿಗ್ರಿಗೆ ಬಂದಾಗ ಅದು ಬಾಯಿ ಬಿಡುತ್ತದೆ. ಶೇ 12–13ರಷ್ಟು ಮದ್ಯಸಾರ ಇರುವ ಪಾನೀಯ ಇದು, ಹಣ್ಣಿನ ರಸವಲ್ಲ. ವೈನ್ ಹೃದಯಕ್ಕೆ ಒಳ್ಳೆಯದೆಂದು ಹೇಳಿಕೊಂಡು ಕುಡಿಯುವುದನ್ನು ಬಿಡಬೇಕು. ಮದ್ಯಸಾರದ ಯಾವ ಪ್ರಮಾಣವೂ ಪೂರ್ತಿ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಿಲ್ಲ. ಕುಡಿಯುವವರು ಊಟದ ಜೊತೆ, ಒಂದು ಲೋಟಕ್ಕೆ ನಿಲ್ಲಿಸಿ, ನಿಧಾನವಾಗಿ ಮೂಸಿ ಕುಡಿದರೆ ಈ ತಳಿ ತನ್ನಲ್ಲಿರುವುದನ್ನೆಲ್ಲ ತೋರಿಸುತ್ತದೆ.

ಊಟವೂ ನಮ್ಮದೇ ಒಪ್ಪುತ್ತದೆ. ಹುಣಸೆ ಹಿಂಡಿದ ಸಾರು, ಹುಳಿಗಳ ಜೊತೆ ಈ ವೈನ್ ಸೋಲುತ್ತದೆ. ತಿನಿಸಿನ ಹುಳಿ ಹೆಚ್ಚಾದರೆ ವೈನ್ ಚಪ್ಪೆಯಾಗುತ್ತದೆ. ಚಕ್ಕೆ–ಮೊಗ್ಗು ತುಂಬಿದ ಬಿಸಿಬೇಳೆ ಬಾತೂ ಇದಕ್ಕೆ ಭಾರ. ಮೆಣಸಿನ ಖಾರವನ್ನು ಮದ್ಯಸಾರ ಇನ್ನಷ್ಟು ಉರಿಸುತ್ತದೆ. ಆದರೆ ಕೊತ್ತಂಬರಿ, ಸಬ್ಬಸಿಗೆ, ತೆಂಗಿನತುರಿ ಬಿದ್ದ ಕಡೆ ಸೊವಿನ್ಯೋಗೆ ಜೀವ ಬರುತ್ತದೆ. ನಿಂಬೆ ಹನಿಸಿದ ಹೆಸರುಬೇಳೆ ಕೋಸಂಬರಿ, ಖಾರ ಕಡಿಮೆ ಹಾಕಿ ಹುರಿದ ಮೀನು, ಸಬ್ಬಸಿಗೆ ಸೊಪ್ಪು ಕಲಸಿ ತಟ್ಟಿದ ಅಕ್ಕಿರೊಟ್ಟಿ. ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ದ ನಂದಿಯ ಹಣ್ಣು ಹುದುಗಿ, ತಿಳಿಯಾಗಿ, ಬಾಟಲಿ ಸೇರಿ ಅಂಗಡಿಗೆ ಬರುವಾಗ ಸಾಮಾನ್ಯವಾಗಿ ಮಳೆಗಾಲ ಕಳೆಯುತ್ತ ಬಂದಿರುತ್ತದೆ. ದಸರೆಯಿಂದ ಸಂಕ್ರಾಂತಿಯವರೆಗೆ ಅದು ತನ್ನ ಹರೆಯದಲ್ಲಿರುತ್ತದೆ. ಅವರೆಕಾಯಿ ಸೊಗಡು ತುಂಬಿಕೊಂಡು ದೇವರಾಜ ಮಾರುಕಟ್ಟೆಗೆ ಬರುವುದೂ ಆ ದಿನಗಳ ಕೊನೆಯಲ್ಲೇ. ಹಿದಕವರೆಗೆ ಮಸಾಲೆ ಹದವಾಗಿ ಹಾಕಿ, ಆ ವರ್ಷದ ಕೊಯ್ಲಿನ ಬಾಟಲಿಯನ್ನೇ ಕೇಳಿ ತಂದು ಜೊತೆಗಿಟ್ಟು ನೋಡಿ.